ಲೆಚುಂಬೆ ಗುಡ್ಡದ ಮೀಸೆ ಸಂತ

ಜೂನ್ 3, ಮಂಗಳವಾರ

ಎಲೈ ಹಾಳೆಯೇ, ಕೇಳು! ನಿನಗೆ ಕಿವಿಯಿಲ್ಲ, ನನಗೆ ಗಂಟಲಿಲ್ಲ. ಸರಿಯಾದ ಜೋಡಿ.

ಉತುರ್ಗೈನ್ ಮನೆಯ ಬೆತ್ತಿರಿ ಎಂದರೆ ಈ ಕಣಿವೆಯಲ್ಲಿ ಯಾರಿಗೆ ಗೊತ್ತಿಲ್ಲ? ಚೆಂಡಾಟದ ಅಂಗಳದಲ್ಲಿ ಅಂಕ ಕೂಗುವವನು ನಾನು. ಟಗರು ಸಂತೆಯಲ್ಲಿ ಬೆಲೆ ಕೂಗುವವನು ನಾನು. ಮದುವೆ ಮನೆಗಳಲ್ಲಿ ಯಾರೂ ಕೇಳದಿದ್ದರೂ ಎದ್ದು ನಿಂತು ಕೂಗುವವನೂ ನಾನೇ. ನಾನು ಹಿತ್ತಿಲಲ್ಲಿ ಕೆಮ್ಮಿದರೆ ಆಚೆ ದಿಬ್ಬದ ಕುರಿಗಳು ಮೇಯುವುದನ್ನು ಬಿಟ್ಟು ತಲೆ ಎತ್ತುತ್ತಿದ್ದವು. ಅಂಥ ಗಂಟಲೊಳಗೆ ಬಟಾಣಿ ಕಾಳಿನಷ್ಟು ಗಂಟೊಂದು ಬೆಳೆದು, ಮೌಲೆ ಪೇಟೆಯ ಡಾಕ್ಟರಮ್ಮ ಅದನ್ನು ಕತ್ತರಿಸಿ ತೆಗೆದು, ಜುಲೈ ಅರ್ಧ ಕಳೆಯುವವರೆಗೆ ತುಟಿ ಬಿಚ್ಚಕೂಡದೆಂದು ಅಪ್ಪಣೆ ಮಾಡಿದ್ದಾಳೆ. ಪಿಸುಮಾತೂ ಇಲ್ಲ. "ಪಿಸುಗುಟ್ಟೋದು ಕೂಗೋದಕ್ಕಿಂತ ಕೆಟ್ಟದ್ದು," ಎಂದಳು. ಅದಂತೂ ನನಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಜನ್ಮದಲ್ಲಿ ಪಿಸುಗುಟ್ಟಿದವನಲ್ಲ.

ಜುಲೈ ಇಪ್ಪತ್ತೇಳಕ್ಕೆ ನಮ್ಮ ಉರ್ಗರೈ ಊರಿನ ಆಟ! ಈ ಸೀಮೆಯಲ್ಲಿ ಬೇಸಿಗೆಗೊಂದು ಊರು ಬಯಲಲ್ಲಿ ರಂಗ ಕಟ್ಟಿ ಆಡುತ್ತದೆ. ನಮ್ಮ ಸರದಿ ತಿರುಗಿ ಬರಲು ಹದಿನೈದು ವರ್ಷ ಹಿಡಿಯಿತು. ಕುದುರೆಯ ಮೇಲೆ ಬಂದು, ಇಳಿದು, ರಂಗ ಹತ್ತಿ ಪೀಠಿಕೆಯ ಪದ ಹಾಡುವುದು ನಮ್ಮ ಮನೆಯವರ ಕೆಲಸ. ಅಪ್ಪ ಹಾಡಿದ. ಆಮೇಲೆ ಎರಡು ಸರದಿ ನಾನು ಹಾಡಿದೆ. ಮುಂದಿನ ಸರದಿಯ ಹೊತ್ತಿಗೆ ನನಗೆ ಎಂಬತ್ತು ದಾಟಿರುತ್ತದೆ, ಕುದುರೆ ಹತ್ತಿಸಲು ಏಣಿ ತರಬೇಕಾಗುತ್ತದೆ. ಹಾಗಾಗಿ ಇದೇ ಕೊನೆಯದು. ಇದನ್ನು ನಾನೇ ಹಾಡುತ್ತೇನೆ! ಗಂಟಲು ಹರಿದು ಎರಡಾದರೂ ಸರಿ! ಇದು ನನ್ನ ಪ್ರತಿಜ್ಞೆ!

(ಮನಸ್ಸಿನೊಳಗೇ ಮಾಡಬೇಕಾಗಿ ಬಂದದ್ದರಿಂದ ಪ್ರತಿಜ್ಞೆಗೆ ಅಷ್ಟು ಕಳೆ ಬರಲಿಲ್ಲ.)

ಕತ್ತಾಲಿನ್ ಮಾತ್ರ ಅಡುಗೆಮನೆಯಲ್ಲಿ ಕೂತು ರೇಡಿಯೋದ ಹಾಡಿಗೆ ತಲೆದೂಗುತ್ತಿದ್ದಳು. ಕಟ್ಟಿಕೊಂಡ ಹೆಂಡತಿ! "ನಲವತ್ತು ವರ್ಷ ಆಯ್ತು ಕಣ್ರೀ," ಎಂದಳು, "ಈ ಮನೇಲಿ ಒಂದು ಹಾಡು ಶುರುವಿಂದ ಕೊನೇವರೆಗೂ ಕೇಳಿದ್ದು ಇವತ್ತೇ ಮೊದಲು."

ಜೂನ್ 5, ಗುರುವಾರ

ತಾಲೀಮಿಗೆ ಹೋದೆ. ಹೊರಗೆ ಹಾಕಿಸಿಕೊಂಡು ಬಂದೆ.

ಆದದ್ದಿಷ್ಟು. ಈ ಸಲದ ಕಥೆ, ನಮ್ಮೂರಿಂದ ಕಡಲಿಗೆ ಹೋಗಿ ತಿಮಿಂಗಿಲ ಬೇಟೆಯಾಡಿದ ಒಬ್ಬನದು. ಕಥೆ ಯಾವುದಾದರೇನು, ನೀಲಿ ಅಂಗಿಯ ಒಳ್ಳೆಯವರು ಬರಲೇಬೇಕು, ಕೆಂಪು ಅಂಗಿಯ ಕೆಟ್ಟವರು ಬರಲೇಬೇಕು, ಸೈತಾನರು ಕುಣಿಯಲೇಬೇಕು. ಮತ್ತೆ ಕೆಂಪಿನವರ ಬಾಗಿಲ ಮೇಲೆ ಅವರ ಮೂರ್ತಿ ನಿಲ್ಲಲೇಬೇಕು. ಮರದ ಗೊಂಬೆ, ಮಗುವಿನಷ್ಟು ಎತ್ತರ, ಗಿರಿಜಾ ಮೀಸೆ. ಕೆಂಪಿನವರು ಅದರ ಮುಂದೆ ಮಂಡಿಯೂರುತ್ತಾರೆ, ಹಲಗೆಯ ಹಿಂದೆ ಅವಿತವನೊಬ್ಬ ದಾರ ಎಳೆಯುತ್ತಾನೆ, ಮೂರ್ತಿ ಕೈ ಎತ್ತುತ್ತದೆ, ಜನ ನಗುತ್ತಾರೆ. ಒಬ್ಬರ ಆಟ ಮುಗಿದ ಮೇಲೆ ಮುಂದಿನ ಊರಿನವರು ಅದನ್ನು ಎರವಲು ಒಯ್ಯುವುದು ವಾಡಿಕೆ. ಹಾಗೆ ನಮ್ಮದು ಹೋಯಿತು. ಕೈಯಿಂದ ಕೈಗೆ ದಾಟುತ್ತ ಈಗ ಎಲ್ಲಿದೆಯೋ ಯಾರಿಗೂ ನೆನಪಿಲ್ಲ.

"ನಮ್ಮದೇ ಮೂರ್ತಿ ಇಲ್ದೆ ರಂಗ ಹತ್ತಿದ್ರೆ," ಎಂದ ಆಟದ ಮೇಷ್ಟ್ರು ಜುನೆಸ್, "ಇನ್ನು ಹದಿನೈದು ವರ್ಷ ಕಣಿವೆ ಪೂರ್ತಿ ನಮ್ಮನ್ನ ಆಡ್ಕೊಂಡು ನಗುತ್ತೆ."

ಇದಾದರೂ ತಡೆದುಕೊಂಡೆ. ಆಮೇಲೆ ನನ್ನ ಪದ ಹಾಡಲು ಎಂಗ್ರಾಸಿಯನ್ನು ನಿಲ್ಲಿಸಿದರು! ಬ್ರೆಡ್ಡಿನ ವ್ಯಾನು ಓಡಿಸುವ ಎಂಗ್ರಾಸಿ! ಆಟದಲ್ಲಿ ಹುಟ್ಟಿನಿಂದ ಕೆಂಪು ಅಂಗಿಯವರ ಪಕ್ಷದವಳು! "ಜಾಗ ಹಿಡ್ಕೊಂಡಿರೋಕೆ ಅಷ್ಟೇ," ಎಂದ ಜುನೆಸ್. ಅವಳೋ, ದಂಡೆತ್ತಿ ಹೊರಟವಳ ಹಾಗೆ ಪದವನ್ನು ತುಳಿದುಕೊಂಡು ಓಡಿದಳು. "ಬೆಟ್ಟ ಇಳಿದವರೆ, ಹೊಳೆ ದಾಟಿದವರೆ, ಬಂದಿರಾ ನಮ್ಮಂಗಳಕೆ." ಅತಿಥಿಗಳನ್ನು ಕರೆಯುವ ಸಾಲು ಅದು! ಅವಳ ಬಾಯಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಹೋದಂತೆ ಕೇಳಿಸಿತು. ನಾನು ಎದ್ದೆ. ಎರಡೂ ಕೈ ಬೀಸಿದೆ. ಎಡಗೈ ವಾದ್ಯದವನ ಕೊಳಲಿಗೆ ತಗುಲಿತು, ಬಲಗೈ ಬಿಷಪ್ ಪಾತ್ರದವನ ಟೋಪಿ ಹಾರಿಸಿತು.

"ಬೆತ್ತಿರಿ," ಎಂದ ಜುನೆಸ್, "ಆ ಡಾಕ್ಟರಮ್ಮ ನಿನ್ನ ಕೈಗೂ ಒಂದು ಪಟ್ಟಿ ಕಟ್ಟಿ ಕಳಿಸ್ಬೇಕಿತ್ತು ಕಣೋ. ಹೋಗು. ಎಂಗ್ರಾಸಿ ವ್ಯಾನು ಎಲ್ಲ ಊರಿಗೂ ಹೋಗುತ್ತೆ. ಅದ್ರಲ್ಲಿ ಕೂತ್ಕೊಂಡು ಹೋಗಿ ಮೂರ್ತಿ ಹುಡುಕ್ಕೊಂಡು ಬಾ."

ಗಡೀಪಾರು! ಅದೂ ಬ್ರೆಡ್ಡಿನ ವ್ಯಾನಿನಲ್ಲಿ!

ಜೂನ್ 11, ಬುಧವಾರ

ಬೆಳಗಿನ ಬ್ರೆಡ್ಡಿನ ವಾಸನೆ ಒಳ್ಳೆಯದೇ. ಅಷ್ಟು ಒಪ್ಪುತ್ತೇನೆ.

ಮೂರು ಕೊಂಬಿನ ಗೋಪುರದ ಚರ್ಚು ಬಂದಲ್ಲೆಲ್ಲ ಎಂಗ್ರಾಸಿ ಹಾರ್ನ್ ಒತ್ತುತ್ತಾಳೆ, ಏಪ್ರನ್ ಕಟ್ಟಿದ ಹೆಂಗಸರು ಬಾಗಿಲಿಗೆ ಬರುತ್ತಾರೆ. ನನ್ನನ್ನು ನೋಡಿ ಎಲ್ಲರದ್ದೂ ಒಂದೇ ಪ್ರಶ್ನೆ.

"ಇದೇನೇ ಎಂಗ್ರಾಸಿ, ಉತುರ್ಗೈನ್ ಮನೆಯವ್ರನ್ನೂ ಮಾರೋಕೆ ತಂದಿದೀಯಾ?"

"ನಿನ್ನೆ ಉಳ್ದಿದ್ದು ಕಣಮ್ಮ. ಗಟ್ಟಿ ಆಗಿದೆ. ಅರ್ಧ ಬೆಲೆಗೆ ಕೊಡ್ತೀನಿ."

ಉತ್ತರ ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. ದಿನವಿಡೀ ನುಂಗಿದೆ. ಮಧ್ಯಾಹ್ನದ ಹೊತ್ತಿಗೆ ಊಟವೇ ಬೇಡವಾಯಿತು.

ನಮ್ಮಿಂದ ಮೂರ್ತಿ ಒಯ್ದದ್ದು ಒಸ್ತಾಲೆ ಊರು. ಅಲ್ಲಿಯ ಹೆಂಡದಂಗಡಿಯವನು ತಲೆ ಕೆರೆದು, "ಇಲ್ಲೇ ಪೀಪಾಯಿ ಹಿಂದೆ ಇತ್ತಪ್ಪ. ನಮ್ಮಾಟದಲ್ಲಿ ದಾರ ಎಳೆದೋನು ಮಾರ್ಟಿಚ್. ಅವನಿಗೆ ಗೊತ್ತಿರುತ್ತೆ. ಕುರಿ ಹೊಡ್ಕೊಂಡು ತೂಗುಸೇತುವೆ ಆಚೆ ಹೋಗಿದಾನೆ," ಎಂದ.

ಎಂಗ್ರಾಸಿ ದಾರಿಯುದ್ದಕ್ಕೂ ನನ್ನ ಪದವನ್ನು ಹಾಡುತ್ತಾಳೆ. ಗೇರ್ ಬದಲಾದಾಗ ಪದವೂ ಬದಲಾಗುತ್ತದೆ. ಇಳಿಜಾರಿನಲ್ಲಿ ಕೇಳುವುದೇ ಬೇಡ. ತಡೆಯಲಾರದೆ ನನ್ನ ಊರುಗೋಲಿನಿಂದ ವ್ಯಾನಿನ ನೆಲವನ್ನು ಕುಟ್ಟಿದೆ. ಅವಳು ನಿಧಾನಿಸಿದಳು. ಮತ್ತೆ ಓಡಿದಳು. ಮತ್ತೆ ಕುಟ್ಟಿದೆ. ಕಲಿಸುವುದಕ್ಕಲ್ಲ! ನನ್ನ ಕಿವಿ ಉಳಿಸಿಕೊಳ್ಳುವುದಕ್ಕೆ!

ಜೂನ್ 14, ಶನಿವಾರ

ಓಲ್ಸಾರ್ತೆಯ ತೂಗುಸೇತುವೆ! ಎರಡು ಬಂಡೆಗಳ ನಡುವೆ ಹಗ್ಗ ಕಟ್ಟಿ ಒಣಗಲು ಹಾಕಿದ ಪಟ್ಟಿಯಂಥ ಸೇತುವೆ, ಕೆಳಗೆ ಪಾತಾಳ, ಪಾತಾಳದ ತಳದಲ್ಲಿ ನೀರಿನ ಮಿಣುಕು. ನಾನು ಸಿಂಹದಂತೆ ಕಾಲಿಟ್ಟೆ. ಹಿಂದೆ ನೋಡುತ್ತೇನೆ, ಎಂಗ್ರಾಸಿ ಈಚೆ ದಡದಲ್ಲೇ ಕಂಬ ತಬ್ಬಿಕೊಂಡು ನಿಂತಿದ್ದಾಳೆ.

"ಬೆತ್ತಿರಣ್ಣ, ನೀವು ಹೋಗ್ಬನ್ನಿ. ನಾನು ವ್ಯಾನ್ ಕಾಯ್ತೀನಿ."

ವ್ಯಾನು ಒಂದು ಗಂಟೆ ನಡಿಗೆಯಷ್ಟು ಕೆಳಗಿತ್ತು. ಆಚೆ ಹೋಗಿ ಮಾರ್ಟಿಚನನ್ನು ಕೇಳುವವರು ಯಾರು, ನಾನೇ? ಮೂಗಬಸವನ ಹಾಗೆ ನಿಂತು? ಊರುಗೋಲಿನಿಂದ ಸೇತುವೆಯ ಹಲಗೆ ಕುಟ್ಟಿದೆ. ಟಕ್. ಟಕ್. ಅವಳು ಕಣ್ಣು ಮುಚ್ಚಿದಳು, ಕಂಬ ಬಿಟ್ಟಳು, ಹೆದರಿಕೆ ಮರೆಯಲು ಪದ ಎತ್ತಿಕೊಂಡಳು. ಸೇತುವೆ ತೂಗುತ್ತದಲ್ಲ, ಓಡುವ ಹಾಗಿಲ್ಲ. ಒಂದು ಹೆಜ್ಜೆಗೆ ಒಂದು ಮಾತು, ತೂಗು ನಿಂತ ಮೇಲೆ ಇನ್ನೊಂದು.

ಬೆಟ್ಟ ಇಳಿದವರೆ, ಹೊಳೆ ದಾಟಿದವರೆ, ಬಂದಿರಾ ನಮ್ಮಂಗಳಕೆ,
ಬಿಸಿಲು ನಮ್ಮದು, ನೆರಳು ನಿಮ್ಮದು, ಕೂತುಕೊಳ್ಳಿರಿ ಹತ್ತಿರಕೆ.

ಕಣಿವೆ ಆ ಸಾಲನ್ನು ಇಟ್ಟುಕೊಂಡು, ಸ್ವಲ್ಪ ಹೊತ್ತು ನೋಡಿ, ಹಿಂದಕ್ಕೆ ಕೊಟ್ಟಿತು. ಎರಡನೆಯ ಸಾಲಿನ ನಡುವೆ ಉಸಿರು ಬಿಡುವ ಜಾಗವೊಂದಿದೆ. ನಾನು ಅಲ್ಲಿ ಎಂದೂ ಉಸಿರು ಬಿಟ್ಟವನಲ್ಲ, ನನಗೆ ಉಸಿರಿಗೆ ಬರವಿರಲಿಲ್ಲ. ಅವಳು ಬಿಟ್ಟಳು. ಹೆದರಿಕೆಗೆ ಇರಬೇಕು. ಆದರೂ ಅಲ್ಲಿ ಬಿಟ್ಟದ್ದು... ಇರಲಿ.

ಮಾರ್ಟಿಚ್ ತನ್ನ ಗುಡಿಸಲ ಮುಂದೆ ಚೀಸಿನ ಗುಂಡುಗಳಿಗೆ ಉಪ್ಪು ಸವರುತ್ತಿದ್ದ. "ಮೂರ್ತೀನಾ? ಲೆಚುಂಬೆಯವ್ರು ಒಯ್ದ್ರಲ್ಲ. ಅಲ್ಲಿಂದ ಮುಂದಕ್ಕೆ ಹೋಗಿಲ್ಲ. ಆಮೇಲಿನ ಊರಿನವ್ರು ಬೇರೆ ಮೂರ್ತಿ ಮಾಡಿಸ್ಕೊಂಡ್ರು." ಚೀಸಿನ ಒಂದು ಹೋಳು ಕತ್ತರಿಸಿ ನನ್ನ ಕೈಗಿಟ್ಟ. "ದಾರ ಎಳೆಯೋದು ಹುಡುಗಾಟ ಅಂದ್ಕೊಂಡಿದಾರೆ ಎಲ್ಲ," ಎಂದ. ತಾನಾಗಿಯೇ ಹೇಳತೊಡಗಿದ. ಮೂರ್ತಿ ಯಾವಾಗ ಕೈ ಎತ್ತಬಾರದು ಎಂಬುದೇ ವಿದ್ಯೆಯಂತೆ. ಜನ ಈಗ ಎತ್ತುತ್ತದೆ, ಈಗ ಎತ್ತುತ್ತದೆ ಎಂದು ಕತ್ತು ಚಾಚಬೇಕು. ಚಾಚಿ ಸಾಕಾಗಿ ಕತ್ತು ಹಿಂದಕ್ಕೆ ಹೋಗುವ ಗಳಿಗೆಯಲ್ಲಿ ಎತ್ತಬೇಕು. ಅವರೂರಿನ ಆಟ ಮುಗಿದ ವರ್ಷ ಇದೇ ಮಾರ್ಟಿಚ್ ಸಂತೆಯಲ್ಲಿ ಇದನ್ನು ಹೇಳಲು ಬಂದಿದ್ದ ಎಂದು ನೆನಪು. ನಾನು ಆಗ ಬೆಲೆ ಕೂಗುತ್ತಿದ್ದೆ.

ಜೂನ್ 20, ಶುಕ್ರವಾರ

ಸಿಕ್ಕಿತು! ಸಿಕ್ಕಿತು, ಆದರೆ ಎಲ್ಲಿ! ಹಾಳೆಯೇ, ಗಟ್ಟಿಯಾಗಿ ಕೂತುಕೋ!

ಲೆಚುಂಬೆ ಎಂದರೆ ಆರು ಮನೆ, ಒಂದು ಬಾವಿ, ಮೇಲೆ ಗುಡ್ಡದ ತುದಿಯಲ್ಲಿ ಸಂತ ಗ್ರೆಗೋರಿಯ ಪುಟ್ಟ ಗುಡಿ. ಗುಡಿಯ ಕೀಲಿ ಗಶೂಶ ಎಂಬ ಮುದುಕಿಯ ಸೊಂಟದಲ್ಲಿ. ಕಣ್ಣು ಮಂಜು, ನಾಲಿಗೆ ಚೂಪು. ಮೂರ್ತಿ ಎಲ್ಲಿ ಎಂದು ಕೇಳಿದರೆ ಊರಿನವರೆಲ್ಲ ಗುಡ್ಡದ ಕಡೆ ಕೈ ತೋರಿಸಿ, ಬೇರೆ ಕಡೆ ತಿರುಗಿ ನಗುತ್ತಿದ್ದರು. ಬಾಗಿಲು ತೆರೆದೊಡನೆ ಅರ್ಥವಾಯಿತು. ಸಂತನ ಗೂಡಿನಲ್ಲಿ, ಹೂವಿನ ನಡುವೆ, ಮೇಣದ ಬತ್ತಿಗಳ ಬೆಳಕಿನಲ್ಲಿ, ಗಿರಿಜಾ ಮೀಸೆ ತಿರುವಿಕೊಂಡು ನಿಂತಿದ್ದಾನೆ ಕೆಂಪಿನವರ ಮೂರ್ತಿ!

ನಡೆದದ್ದು ಸರಳ. ಲೆಚುಂಬೆಯವರ ಆಟದ ದಿನ ಮಳೆ ಹೊಡೆಯಿತು, ಸಾಮಾನುಗಳನ್ನೆಲ್ಲ ಗುಡಿಯೊಳಗೆ ತುರುಕಿದರು. ಅದೇ ಚಳಿಗಾಲ ಹಳೆಯ ಗ್ರೆಗೋರಿಯನ್ನು ಹುಳ ತಿಂದು ಪುಡಿ ಮಾಡಿತು. ಗೂಡು ಬರಿದಾಗಿರಬಾರದೆಂದು ಯಾವನೋ ಕುರಿಯವನು ಕೈಗೆ ಸಿಕ್ಕ ಗೊಂಬೆಯನ್ನು ಎತ್ತಿ ನಿಲ್ಲಿಸಿದ. ಬಾಗಿಲು ತೆರೆದಾಗ ಗಾಳಿಗೆ ಅದರ ಕೈ ಒಂದಿಷ್ಟು ಮೇಲೇಳುತ್ತದೆ. ಗಶೂಶ ಅದನ್ನು ನೋಡಿದ್ದೇ ತಡ!

"ನನ್ನ ಸೊಂಟ ನೋವು ಹೋಗಿದ್ದು ಇವನಿಂದ," ಎಂದಳು. "ಹಳೇ ಗ್ರೆಗೋರಿ ಒಳ್ಳೇವ್ನೇ, ಆದ್ರೆ ಸೋಮಾರಿ. ಒಂದಿನ ಕೈ ಎತ್ಲಿಲ್ಲ."

"ಅಜ್ಜಿ, ಇದು ಆಟದ ಗೊಂಬೆ," ಎಂದಳು ಎಂಗ್ರಾಸಿ ಮೆಲ್ಲಗೆ.

"ಆಟದವ್ರು ಇವನನ್ನ ನೋಡಿ ಮಾಡ್ಕೊಂಡಿರ್ಬೇಕು."

"ಹಾಗೇ ಇರ್ಬಹುದು ಬಿಡಿ. ಒಂದು ದಿನದ ಮಟ್ಟಿಗೆ ಸಂತನ್ನ ನಮ್ಮೂರಿಗೆ ಕಳಿಸ್ಕೊಡಿ. ಎಲ್ಲರೆದುರು ಮಂಡಿಯೂರ್ತಾರೆ."

"ಯಾರು?"

"ಕೆಂಪಿನವ್ರು."

"ಸದ್ಯ. ಆ ಕೆಂಪಿನವ್ರಿಗಾದ್ರೂ ಬುದ್ಧಿ ಬಂತಲ್ಲ." ಮುದುಕಿ ನನ್ನ ಕಡೆ ತಿರುಗಿದಳು. "ಇವ್ನು ಯಾರು? ಬಂದಾಗಿಂದ ಬಾಯೇ ಬಿಟ್ಟಿಲ್ಲ."

"ಮಾತು ಬರಲ್ಲ ಅಜ್ಜಿ."

"ಅಯ್ಯೋ ಪಾಪ. ಹುಟ್ಟಿನಿಂದ್ಲಾ?"

ಎಂಗ್ರಾಸಿ ಸೂರಿನ ತೊಲೆಗಳನ್ನು ನೋಡಲು ಶುರುಮಾಡಿದಳು. ಪಾತಕಿ! ನಾನು! ಕಣಿವೆಯ ಗಂಟೆ! ಹುಟ್ಟು ಮೂಗ! ಜನ್ಮದಲ್ಲಿ ಆಟ ನೋಡಲು ಇಳಿದು ಬಾರದ, ಕುರಿ ಬಿಟ್ಟು ಕದಲದ ಈ ಮುದುಕಿ ಮಾತ್ರ ನನ್ನ ದನಿ ಕೇಳದೆ ಉಳಿದವಳು. ಅವಳು ನನ್ನ ಎರಡೂ ಕೈ ಹಿಡಿದಳು. ಅಂಗೈ ತಡವಿದಳು.

"ನಿನ್ನ ಹೆಸರಲ್ಲಿ ಇವನಿಗೆ ದಿನಾ ಒಂದು ಬತ್ತಿ ಹಚ್ತೀನಿ ಮಗಾ. ಸಂತನ್ನ ಕಳಿಸ್ತೀನಿ. ಆದ್ರೆ ಹಿಂದೆ ನಿಂತು ದಾರ ಹಿಡಿಯೋನು ನೀನೇ ಆಗಿರ್ಬೇಕು. ಬಾಯಿ ಇರೋರು ಕೈ ಮೇಲೆ ಗ್ಯಾನ ಇಡಲ್ಲ. ಬೀಳಿಸ್ತಾರೆ. ಒಪ್ಪಿದೀಯಾ?"

ತಲೆಯಾಡಿಸಿದೆ. ಇನ್ನೇನು ಮಾಡಲಿ? ಮೂರ್ತಿ ಬೇಕಿತ್ತು.

ಜೂನ್ 21, ಶನಿವಾರ

ತಲೆಯಾಡಿಸಿದ್ದು ಮಾತು ಕೊಟ್ಟಂತೆ ಆಗುವುದಿಲ್ಲ. ನೊಣ ಓಡಿಸಲೂ ತಲೆಯಾಡಿಸುತ್ತಾರೆ. ದಾರ ಹಿಡಿಯುವವನು ಆಟದ ಆರಂಭದಿಂದ ಹಲಗೆಯ ಹಿಂದೆ ಇರಬೇಕು. ಪೀಠಿಕೆ ಹಾಡುವವನು ಅದೇ ಹೊತ್ತಿಗೆ ಕುದುರೆಯ ಮೇಲಿರಬೇಕು. ಒಬ್ಬನೇ ಎರಡು ಕಡೆ ಇರಲಾರ. ಹಾಗಾಗಿ ಇನ್ನೊಬ್ಬನಿಗೆ ಹೇಳಿಬಿಡುವುದು. ಮುದುಕಿಗೆ ಹೇಗೂ ಕಣ್ಣು ಮಂಜು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಬರೆಯಲು ಏನೂ ಇಲ್ಲ.

ಜೂನ್ 28, ಶನಿವಾರ

ಅಹುಸ್ಕಿಯ ಬುಗ್ಗೆಗೆ ಹೋಗಿ ನೀರು ಕುಡಿದು ಬಂದೆ. ಗಂಟಲಿಗೆ ಒಳ್ಳೆಯದೆಂದು ಕತ್ತಾಲಿನ್ ಹೇಳಿದ್ದಳು. ಮಂಜಿನಷ್ಟು ತಣ್ಣಗಿತ್ತು. ಹುಲ್ಲಿನ ಮೇಲೆ ಒರಗಿ ಓರ್ಹಿ ಶಿಖರ ನೋಡುತ್ತ ಕೂತೆವು. ಮೋಡ ಅದರ ಹೆಗಲ ಮೇಲೆ ಕುರಿಚರ್ಮದಂತೆ ಬಿದ್ದಿತ್ತು. ಎಂಗ್ರಾಸಿ ಹ್ಯಾಮಿನ ತುಂಡು, ಕಪ್ಪು ಚೆರ್ರಿಯ ಕೇಕು ಬಿಚ್ಚಿದಳು. ತಿಂದೆವು.

ಮೂರ್ತಿ ಸಿಕ್ಕಿದ ಮೇಲೂ ವ್ಯಾನಿನಲ್ಲಿ ಯಾಕೆ ಅಲೆಯುತ್ತೀಯ ಎಂದು ಜುನೆಸ್ ಕೇಳಿದ. ಎಂಗ್ರಾಸಿಯ ಪದ ಹಾಳಾಗದಂತೆ ನೋಡಿಕೊಳ್ಳಬೇಕು, ನನ್ನ ಜಾಗ ಕೊಳಕಾಗಬಾರದು ಎಂದು, ಕತ್ತಾಲಿನ್ ಮೊನ್ನೆ ಕೊಟ್ಟ ಸ್ಲೇಟಿನಲ್ಲಿ ಬರೆದು ತೋರಿಸಿದೆ. ಈಚೆಗೆ ಕುಟ್ಟುವುದು ಕಡಿಮೆಯಾಗಿದೆ. ಊರುಗೋಲಿನ ತುದಿ ಸವೆದಿರಬೇಕು.

ಇನ್ನೊಂದು ಕಾಟ: ಜನ ನನ್ನ ಹತ್ತಿರ ಮಾತಾಡುತ್ತಾರೆ! ಹೊಸದೊಂದು ರೋಗ. ಮೂರು ಕೊಂಬಿನ ಗೋಪುರದ ಪಕ್ಕದ ಮನೆಯ ಮುದುಕ ಬ್ರೆಡ್ಡು ತೆಗೆದುಕೊಂಡು, ವ್ಯಾನಿನ ಕಿಟಕಿಗೆ ಮೊಣಕೈ ಊರಿ, ಹೆಂಡತಿ ತೀರಿಕೊಂಡ ಮೇಲೂ ಎರಡು ಬ್ರೆಡ್ಡು ಕೊಳ್ಳುವುದನ್ನು ಬಿಡಲಾಗಿಲ್ಲ, ಒಂದು ಕೋಳಿಗೆ ಹಾಕುತ್ತೇನೆ ಎಂದ. ಆ ಮನೆಯ ಮುಂದೆ ಮೂವತ್ತು ವರ್ಷ ಹಾಯ್ದಿದ್ದೇನೆ. ಏನಯ್ಯಾ ಹೇಗಿದ್ದೀಯಾ ಎಂದು ಪ್ರತಿ ಸಲವೂ ಕೂಗಿದ್ದೇನೆ. ಆಗೆಲ್ಲ ಅವನು ಕೈಯೆತ್ತಿ ಒಳಗೆ ಹೋಗುತ್ತಿದ್ದ.

ಜುಲೈ 8, ಮಂಗಳವಾರ

ಪೊರಕೆಯ ಕೋಲಿಗೆ ಇನ್ನೊಂದು ಕೋಲನ್ನು ಅಡ್ಡ ಕಟ್ಟಿ, ದಾರ ಹಾಕಿ, ಕೊಟ್ಟಿಗೆಯಲ್ಲಿ ಎಳೆದು ನೋಡಿದೆ. ಸುಮ್ಮನೆ. ದಾರ ಹಿಡಿಯುವವನಿಗೆ ಹೇಳಿಕೊಡಬೇಕಲ್ಲ, ಅದಕ್ಕೆ. ಮಾರ್ಟಿಚ್ ಹೇಳಿದ್ದು ನಿಜ, ಎತ್ತುವುದು ಸುಲಭ, ಎತ್ತದೆ ಇರುವುದು ಕಷ್ಟ.

ಕತ್ತಾಲಿನ್ ಬಾಗಿಲಲ್ಲಿ ನಿಂತು ನೋಡಿದಳು. "ಪೊರಕೆಗೆ ಕೈ ಎತ್ತೋದು ಕಲಿಸಿದ್ರಿ, ಸಂತೋಷ. ಹಾಗೇ ಗುಡಿಸೋದೂ ಕಲಿಸ್ಬಿಡಿ."

ಜುಲೈ 15, ಮಂಗಳವಾರ

ಜಯ! ಜಯ! ಡಾಕ್ಟರಮ್ಮ ಕನ್ನಡಿಯ ಕಡ್ಡಿಯನ್ನು ಗಂಟಲಿಗೆ ತೂರಿಸಿ ನೋಡಿ, "ಚೆನ್ನಾಗಿ ವಾಸಿ ಆಗಿದೆ. ಮಾತಾಡಿ," ಎಂದಳು.

ಇದಕ್ಕೆಂದೇ ಕಾದಿದ್ದೆ. ಏನು ಹೇಳಬೇಕೆಂದು ಆರು ವಾರ ಯೋಚಿಸಿಟ್ಟಿದ್ದೆ. ಪೀಠಿಕೆಯ ಮೊದಲ ಸಾಲನ್ನೇ ಎತ್ತಿ ಆಸ್ಪತ್ರೆಯ ಗಾಜುಗಳನ್ನು ನಡುಗಿಸಬೇಕೆಂದಿದ್ದೆ. ಬಾಯಿ ತೆರೆದೆ. ಕಿಟಕಿಯಾಚೆ ಮೋಡ ಕಾಣಿಸಿತು.

"ಮಳೆ ಬರೋ ಹಾಗಿದೆ," ಎಂದೆ ಕತ್ತಾಲಿನ್‌ಗೆ. "ಛತ್ರಿ ತಂದಿದೀಯಾ?"

ಅವಳು ಯಾಕೋ ಕರ್ಚೀಫು ಹುಡುಕಿದಳು. ಛತ್ರಿ ತಂದಿರಲಿಲ್ಲವೆಂದು ಕಾಣುತ್ತದೆ.

ಆಟದ ಬಗ್ಗೆ ಕೇಳಿದೆ. ಒಂದು ದಿನ ಹಾಡಬಹುದಂತೆ. ಆಮೇಲೆ ಗಂಟಲು ಮೊದಲಿನ ಹಾಗೆ ಇರುತ್ತದೆಂದು ತಾನು ಹೇಳಲಾರೆ, ಇರಲೂಬಹುದು, ನಿರ್ಧಾರ ನಿಮ್ಮದು ಎಂದಳು. ನಿರ್ಧಾರ ಎಂದೋ ಆಗಿದೆ! ಪ್ರತಿಜ್ಞೆ ಮಾಡಿದ ಗಂಡಸು ನಾನು!

ಜುಲೈ 17, ಗುರುವಾರ

ತಾಲೀಮು ಬಯಲಿಗೆ ಬಂದಿದೆ, ರಂಗ ಎದ್ದಿದೆ, ಹಸಿ ಹಲಗೆಯ ವಾಸನೆ. ನಾನು ಹೋದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾತ್ರಗಳಿಗೆ ಪ್ರವೇಶದ ಸನ್ನೆ ಮಾಡುವ ಬಾವುಟವನ್ನು ಜುನೆಸ್ ಬೀಸಿದ. ಎಂಗ್ರಾಸಿ ಕುದುರೆಯಿಂದ ಇಳಿದು ಲಗಾಮು ನನ್ನ ಕಡೆ ಚಾಚಿದಳು.

"ತಗೊಳ್ಳಿ ಬೆತ್ತಿರಣ್ಣ. ನಿಮ್ಮ ಕುದುರೆ, ನಿಮ್ಮ ಪದ. ಕೊಳಕಾಗದ ಹಾಗೆ ಇಟ್ಕೊಂಡಿದೀನಿ." ನಗುತ್ತಲೇ ಹೇಳಿದಳು. ಆದರೆ ಲಗಾಮಿನ ತುದಿ ಅವಳ ಬೆರಳಿಗೆ ಎರಡು ಸುತ್ತು ಸುತ್ತಿಕೊಂಡೇ ಇತ್ತು.

ಲಗಾಮು ಹಿಡಿದೆ. ಕುದುರೆ ನನ್ನನ್ನು ಮೂಸಿ, ಮುಖ ತಿರುಗಿಸಿ, ಅವಳ ಏಪ್ರನ್ನಿನ ಜೇಬಿಗೆ ಮೂತಿ ಹಾಕಿತು. ಅವಳ ಜೇಬಿನಲ್ಲಿ ಸದಾ ಬ್ರೆಡ್ಡಿನ ಚೂರು ಇರುತ್ತದೆ. ಆರು ವಾರ ಅವಳನ್ನು ಹೊತ್ತ ಪ್ರಾಣಿ. ಆಟ ಇನ್ನು ಹತ್ತು ದಿನ. ಮೂಕ ಪ್ರಾಣಿಯ ಮನಸ್ಸನ್ನು ಯಾಕೆ ನೋಯಿಸಬೇಕು? ನಾನೂ ಈಚಿನವರೆಗೆ ಮೂಕನೇ ಆಗಿದ್ದವನು.

ಜೊತೆಗೆ ದಾರದ ವಿಷಯ ಬೇರೆ ಇದೆ. ಮೇಳದ ಗಂಡಸರಲ್ಲಿ ಯಾರ ಕೈಯನ್ನು ನೋಡಿದರೂ ಬೀಳಿಸುವ ಕೈ. ಮುದುಕಿ ಹೇಳಿದ್ದು ಸುಳ್ಳಲ್ಲ.

"ಎಂಗ್ರಾಸಿ," ಎಂದೆ, "ಎರಡನೇ ಸಾಲಿನ ನಡುವೆ ಉಸಿರು ಬಿಡ್ತೀಯಲ್ಲ, ಸೇತುವೆ ಮೇಲೆ ಬಿಟ್ಟ ಹಾಗೆ, ಅದನ್ನ ಮಾತ್ರ ಬಿಡ್ಬೇಡ. ಕುದುರೆ ಹತ್ತು."

ಜುನೆಸ್ ಬಾಯಿ ತೆರೆದ. "ಮತ್ತೆ ನೀನು?"

"ನನಗೆ ಮೂರ್ತಿ ಕೆಲಸ ಇದೆ."

ಎಂಗ್ರಾಸಿ ಕುದುರೆಯ ಕುತ್ತಿಗೆಯ ಆಚೆ ಬದಿಗೆ ಹೋಗಿ ಬಹಳ ಹೊತ್ತು ಜೀನಿನ ಪಟ್ಟಿ ಬಿಗಿಮಾಡಿದಳು. ಬಿಗಿಯಾಗಿಯೇ ಇತ್ತು, ನಾನು ನೋಡಿದ್ದೆ. ಮನೆಗೆ ಬಂದು ಗಡದ್ದಾಗಿ ಉಂಡೆ.

ಜುಲೈ 27, ಭಾನುವಾರ

ಆಟ! ಆಟ! ಆಟ!

ಬಿಸಿಲೆಂದರೆ ಬಿಸಿಲು. ಬೆಂಚು ಸಾಲದೆ ಹುಲ್ಲಿನ ಕಂತೆ ಹಾಕಿದ್ದರು. ಏಳೂರಿನ ಜನ, ಛತ್ರಿ, ಟೋಪಿ, ಮಕ್ಕಳು, ನಾಯಿಗಳು! ನಾನು ಹಲಗೆಯ ಹಿಂದೆ ಏಣಿಯ ಮೇಲೆ ಕೂತು, ದಾರವನ್ನು ಬೆರಳಿಗೆ ಸುತ್ತಿಕೊಂಡು, ಹಲಗೆಯ ಗಂಟು ಬಿದ್ದ ಜಾಗದ ತೂತಿನಿಂದ ಒಂದು ಕಣ್ಣಲ್ಲಿ ನೋಡುತ್ತಿದ್ದೆ. ಗಶೂಶಜ್ಜಿ ಮೊದಲ ಸಾಲಿನಲ್ಲಿ! ಅವಳ ಅಕ್ಕಪಕ್ಕ ಲೆಚುಂಬೆಯ ಮುದುಕಿಯರು, ಎಲ್ಲರೂ ಚರ್ಚಿಗೆ ಹೋಗುವ ಕಪ್ಪು ಬಟ್ಟೆ ತೊಟ್ಟು.

ಕೊಳಲು, ಕೋಲಿನಿಂದ ತಂತಿ ಬಡಿಯುವ ಡೋಲು. ಕುದುರೆಗಳು ಬಂದವು. ಎಂಗ್ರಾಸಿ ಇಳಿದು ರಂಗ ಹತ್ತಿದಳು. ಹಾಡಿದಳು.

"ಬಿಸಿಲು ನಮ್ಮದು," ಎಂದು ನಿಲ್ಲಿಸಿ, ಉಸಿರು ಬಿಟ್ಟಳು. ಅಷ್ಟು ಜನ ಅಷ್ಟು ಹೊತ್ತು ಉಸಿರು ಹಿಡಿದರು. "ನೆರಳು ನಿಮ್ಮದು."

ನಾನು ಈ ಸಾಲನ್ನು ಎಷ್ಟು ಸಲ ಹಾಡಿದ್ದೇನೋ. ಬಿಸಿಲಲ್ಲಿ ನಿಂತವರು ನೆರಳನ್ನು ಬಂದವರಿಗೆ ಬಿಟ್ಟುಕೊಡುತ್ತಿದ್ದಾರೆ ಎಂಬುದು ಇವತ್ತು ಹಲಗೆಯ ಹಿಂದೆ ಕೂತಾಗ ಕೇಳಿಸಿತು. ಪದ ಮುಗಿದ ಮೇಲೆ ನೋಡಿಕೊಂಡೆ, ನನ್ನ ತುಟಿ ಅಲುಗಿರಲೇ ಇಲ್ಲ.

ಆಮೇಲೆ ನಮ್ಮ ಪ್ರವೇಶ. ನಮ್ಮ ಎಂದರೆ ನನ್ನದು, ಮೂರ್ತಿಯದು. ಕೆಂಪಿನವರು ಆರ್ಭಟಿಸುತ್ತ ಬಂದು ಮಂಡಿಯೂರಿದರು. ಮೂರ್ತಿ ಸುಮ್ಮನಿತ್ತು. ಅವರು ಬೇಡಿಕೊಂಡರು. ಸುಮ್ಮನಿತ್ತು. ಜನ ಕತ್ತು ಚಾಚಿದರು. ಸೈತಾನನೊಬ್ಬ ಮೇಲೆ ನೋಡಿ, "ಏಯ್, ನಿದ್ದೆ ಬಂತೇನೋ?" ಎಂದು ಪಿಸುಗುಟ್ಟಿದ. ನಾನು ಎಳೆಯಲಿಲ್ಲ. ಕತ್ತುಗಳು ಹಿಂದಕ್ಕೆ ಹೋಗತೊಡಗಿದವು. ಎಳೆದೆ! ಮೆಲ್ಲಗೆ, ಹಾಲು ಉಕ್ಕುವ ಹಾಗೆ, ಕೈ ಮೇಲೆದ್ದಿತು!

ಮೊದಲ ಸಾಲಿನಲ್ಲಿ ಗಶೂಶಜ್ಜಿ ಧಡಾರನೆ ಮಂಡಿಯೂರಿದಳು. ಅವಳ ಹಿಂದೆ ಲೆಚುಂಬೆಯ ಕಪ್ಪು ಬಟ್ಟೆಯವರು ಒಬ್ಬೊಬ್ಬರಾಗಿ. ಅವರ ಹಿಂದಿನವರು ಏನೋ ಇರಬೇಕೆಂದು ಟೋಪಿ ತೆಗೆದರು. ಅವರ ಹಿಂದಿನವರು ಎದ್ದು ನಿಂತರು. ಕೆಟ್ಟವರ ವಿಗ್ರಹಕ್ಕೆ ಏಳೂರು ಕೈ ಮುಗಿಯಿತು! ಜುನೆಸ್‌ನ ಬಾವುಟ ಗಾಳಿಯಲ್ಲೇ ನಿಂತುಹೋಯಿತು. ಕೆಂಪಿನವರ ಸೇನಾಪತಿ ಸಾಲು ಮರೆತು, ಹೆಗಲು ಕುಣಿಸುತ್ತ ನಗು ಅದುಮಿದ. ಅಲ್ಲಿಂದ ನಗು ಹೊತ್ತಿಕೊಂಡಿತು ನೋಡಿ, ಹುಲ್ಲಿಗೆ ಬಿದ್ದ ಕಿಡಿಯಂತೆ! ಮುದುಕಿಯರೂ ಮಂಡಿಯೂರಿದಲ್ಲೇ ನಕ್ಕರು. ಕೈ ಮಾತ್ರ ಬಿಚ್ಚಲಿಲ್ಲ.

ಇಷ್ಟು ವರ್ಷ ಈ ಗಂಟಲಿನಿಂದ ಗುಡುಗಿದ್ದೇನೆ. ಒಬ್ಬನೇ ಒಬ್ಬ ಮಂಡಿಯೂರಿದ್ದನೇ? ಒಂದು ನಾಯಿಯಾದರೂ ಟೋಪಿ ತೆಗೆದಿತ್ತೇ?

ಜುಲೈ 30, ಬುಧವಾರ

ಮೂರ್ತಿಯನ್ನು ಹಿಂದಿರುಗಿಸಿ ಬಂದೆವು.

ಗಶೂಶಜ್ಜಿಯ ಎದುರು ಬಾಯಿ ಬಿಡಬಾರದೆಂದು ವ್ಯಾನಿನಲ್ಲೇ ಮಾತಾಗಿತ್ತು. ಗುಡಿಯ ಹೊಸ್ತಿಲು ಎತ್ತರ, ಎಂಗ್ರಾಸಿ ಕಾಲು ಎಡವಿದಳು, ಮೂರ್ತಿ ಅವಳ ತೋಳಿನಿಂದ ಜಾರಿತು.

"ತಲೆ! ತಲೆ ಹಿಡೀ ತಲೆ!" ಎಂದು ಗುಡುಗಿದೆ. ಪೂರ್ತಿ ಗಂಟಲು! ಹಳೆಯ ಗಂಟಲು! ಗುಡಿಯ ಗಂಟೆ ತಾನಾಗಿ ಗುಂಯ್ ಎಂದಿತು. ಎಂಗ್ರಾಸಿ ಮೂರ್ತಿಯ ತಲೆಯನ್ನು ನೆಲದಿಂದ ಗೇಣು ಮೇಲೆ ಹಿಡಿದಳು.

ಗಶೂಶಜ್ಜಿ ಗೋಡೆ ಹಿಡಿದು ನಿಂತಿದ್ದಳು. "ಮೂಗ," ಎಂದಳು. "ಮೂಗ ಮಾತಾಡ್ದ." ಆಮೇಲೆ ಗಂಟೆಯ ಹಗ್ಗಕ್ಕೆ ಜೋತುಬಿದ್ದು ಹೊಡೆದೇ ಹೊಡೆದಳು. ಕೆಳಗಿನ ಆರೂ ಮನೆಯವರು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು.

"ಹೇಳ್ಬಿಡಿ ಬೆತ್ತಿರಣ್ಣ," ಎಂದು ಎಂಗ್ರಾಸಿ ಕಿವಿಯಲ್ಲಿ ಉಸುರಿದಳು. "ನಿಜ ಹೇಳ್ಬಿಡಿ. ನನ್ನ ತಪ್ಪು ಅಂತ ಹೇಳಿ, ಪರ್ವಾಗಿಲ್ಲ."

ಎಂಥ ಸಭೆ! ಬಾಗಿಲ ತುಂಬ ಮುಖ, ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಭಾಷಣ ತಯಾರಾಗಿ ಗಂಟಲಲ್ಲಿ ಕುದುರೆ ಏರಿ ನಿಂತಿತ್ತು: ಬಟಾಣಿ ಗಾತ್ರದ ಗಂಟು, ಮೌಲೆಯ ಡಾಕ್ಟರಮ್ಮ, ನಾನು ಯಾರು, ನನ್ನ ಅಪ್ಪ ಯಾರು! ಊರಿನವರಲ್ಲಿ ಅರ್ಧ ಜನಕ್ಕೆ ನಾನು ಯಾರೆಂದು ಗೊತ್ತು. ಅವರೂ ಸುಮ್ಮನೆ ನಿಂತಿದ್ದರು. ಗೂಡಿನ ಕೆಳಗೆ ಕಲ್ಲಿನ ಮೇಲೆ ಕರಗಿ ಮುಗಿದ ಮೇಣದ ಬತ್ತಿಗಳ ಮೋಟುಗಳು ಸಾಲಾಗಿ ಕೂತಿದ್ದವು. ನನ್ನ ಹೆಸರಿನವು. ಒಂದು ದಿನವೂ ತಪ್ಪಿಸಿರಲಿಲ್ಲ ಆ ಮುದುಕಿ.

"ಅಜ್ಜಿ," ಎಂದೆ, ಮೆಲ್ಲಗೆ. "ಬತ್ತಿ ಇನ್ನೂ ಇದಾವಾ? ನಾನೂ ಒಂದು ಹಚ್ತೀನಿ."

ಹಚ್ಚಿದೆ. ಬಾಗಿಲಿಂದ ಗಾಳಿ ಬಂತು. ಮೂರ್ತಿಯ ಕೈ ಮೇಲೆದ್ದಿತು. ದಾರ ಹಿಡಿಯುವವನು ನಾನು, ಇತ್ತ ಬತ್ತಿ ಹಿಡಿದು ನಿಂತಿದ್ದೆ. ಎತ್ತಿದ ಹೊತ್ತು ಮಾತ್ರ ಸರಿಯಾಗಿತ್ತು, ನಾನಾಗಿದ್ದರೂ ಅಲ್ಲೇ ಎತ್ತುತ್ತಿದ್ದೆ. ಮುಂದಿನ ವರ್ಷದ ಊರಿನವರು ಬಂದು ಈ ಸಂತನನ್ನು ಎರವಲು ಕೇಳಿದರೆ ಗಶೂಶಜ್ಜಿ ಏನು ಮಾಡುತ್ತಾಳೋ, ಅದು ಅವರವರ ಪಾಡು.

ಮನೆಗೆ ಬಂದಾಗ ಕತ್ತಾಲಿನ್ ಅವರೆ ಸುಲಿಯುತ್ತಿದ್ದಳು. ರೇಡಿಯೋದಲ್ಲಿ ಹಾಡು ಬರುತ್ತಿತ್ತು. ನನ್ನ ಮುಖ ನೋಡಿ ಅದನ್ನು ಆರಿಸಲು ಕೈ ಚಾಚಿದಳು. "ಏನಾಯ್ತು? ಹೇಳಿ, ಹೇಳಿ."

"ಇರು," ಎಂದೆ. "ಹಾಡು ಮುಗೀಲಿ."